ಸಂದಿಲ್ಲದ ಶಿಸ್ತು, ಒಂಬತ್ತು ವರ್ಷದ ಹುಡುಗ

ಪ್ರಶ್ನೆ: ನಾವು ಮಂಡ್ಯದಲ್ಲಿದ್ದೇವೆ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ನಮ್ಮ ಯಜಮಾನರು ಸರ್ಕಾರಿ ನೌಕರರು. ಪಾಂಡವಪುರದ ಕಡೆಯ ರೈತ ಕುಟುಂಬದಿಂದ ಕಷ್ಟಪಟ್ಟು ಓದಿ ಬಂದವರು, ಮಗನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತೂವರೆಯವರೆಗಿನ ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ. ಶಾಲೆ ಬಿಟ್ಟ ಮೇಲೆ ಟ್ಯೂಷನ್, ಅಬ್ಯಾಕಸ್, ಕೈಬರಹದ ಕ್ಲಾಸು, ಭಾನುವಾರ ಚೆಸ್. ಮಗ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ‘ಗುಬ್ಬಚ್ಚಿಪುರ’ ಎಂಬ ಇಲ್ಲದ ಊರಿನ ನಕ್ಷೆ ಬರೆದುಕೊಂಡಿದ್ದ. ಅವನ್ನು ಇವರು ಹರಿದುಹಾಕಿದರು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದಾಗ ಪಾರ್ಕ್ ಮಾಡುವುದನ್ನು ಅವನಿಗೆ ಬಿಟ್ಟಿದ್ದೆ. ಪಟ್ಟದ ಗೊಂಬೆಗಳ ಬುಡದಲ್ಲೇ ರೈಲ್ವೆ ಸ್ಟೇಷನ್ ಇಟ್ಟನೆಂದು ಎಲ್ಲವನ್ನೂ ತೆಗೆಸಿ ತಾವೇ ಸರಿಯಾಗಿ ಜೋಡಿಸಿದರು. ಈಗ ಮಗ ನೀರು ಕುಡಿಯಲೂ ಕೇಳುತ್ತಾನೆ, ಉಗುರು ಕಚ್ಚುತ್ತಾನೆ, ಮಾರ್ಕ್ಸ್ ವಿಷಯದಲ್ಲಿ ಎರಡು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದ. ಇಲ್ಲದ್ದನ್ನು ಕಲ್ಪಿಸಿಕೊಂಡು ಕೂರುವುದೇ ಸುಳ್ಳಿಗೆ ದಾರಿಯಾಯಿತು ಎನ್ನುತ್ತಾರೆ ಇವರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದು ಅವರ ಮಾತು. ಅವರು ಕೆಟ್ಟವರಲ್ಲ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ‘ನೀರು ಕುಡಿಯಲೂ ಕೇಳುತ್ತಾನೆ’ ಎಂಬ ಸಾಲನ್ನು. ಮನೆಗೆ ಬಂದ ನೆಂಟರು ಇಂಥ ಹುಡುಗನನ್ನು ನೋಡಿದರೆ ಎಷ್ಟು ವಿನಯವಂತ ಎಂದು ಹೊಗಳಿ ಹೋಗುತ್ತಾರೆ. ನನಗೆ ಅದು ಕಳವಳದ ಸಂಗತಿ. ಬಾಯಾರಿಕೆ ಮಗುವಿನ ಒಳಗೇ ಹುಟ್ಟುವಂಥದ್ದು; ಅದು ನಿಜವೋ ಅಲ್ಲವೋ ಎಂದು ತೀರ್ಮಾನಿಸಬಲ್ಲವನು ಅವನೊಬ್ಬನೇ. ಅದಕ್ಕೂ ಹೊರಗಿನಿಂದ ಒಪ್ಪಿಗೆ ಬೇಕೆಂದು ಒಂಬತ್ತು ವರ್ಷದ ಹುಡುಗನಿಗೆ ಅನ್ನಿಸತೊಡಗಿದೆ ಎಂದರೆ, ತನ್ನೊಳಗಿನಿಂದ ಬರುವ ಸೂಚನೆಗಳನ್ನು ನಂಬುವುದನ್ನೇ ಅವನು ಬಿಡುತ್ತಿದ್ದಾನೆ.

ಮೈಸೂರಿನಲ್ಲಿ ನಾನು ಮಕ್ಕಳನ್ನು ನೋಡುವ ಕೋಣೆಯಲ್ಲಿ ಒಂದು ಅಗಲವಾದ ತಟ್ಟೆ ಇದೆ. ಅದರಲ್ಲಿ ಒದ್ದೆ ಜೇಡಿಮಣ್ಣು, ಹುಣಸೆಬೀಜ, ಅಂಗಿಯ ಗುಂಡಿಗಳು, ಖಾಲಿ ಬೆಂಕಿಪೊಟ್ಟಣಗಳು ಇರುತ್ತವೆ. ಬಹುಪಾಲು ಮಕ್ಕಳು ನಾನು ಅವರ ತಾಯಿಯ ಜೊತೆ ಮಾತಾಡುತ್ತಿರುವಾಗಲೇ ತಟ್ಟೆಯ ಹತ್ತಿರ ಸರಿದು, ಯಾರನ್ನೂ ಕೇಳದೆ ಮಣ್ಣಿಗೆ ಕೈಹಾಕುತ್ತಾರೆ. ನಿಮ್ಮ ಮಗನಂಥ ಮಕ್ಕಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ತಟ್ಟೆಯನ್ನು ಹತ್ತಿರಕ್ಕೆ ತಂದಿಟ್ಟರೆ ‘ಏನು ಮಾಡ್ಬೇಕು?’ ಎಂದು ಕೇಳುತ್ತಾರೆ. ‘ನಿಂಗೆ ಏನಿಷ್ಟವೋ ಅದು’ ಎಂದರೆ ತಾಯಿಯ ಮುಖ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟ ಅಂದ್ರೆ ಯಾವ್ದು?’ ಎನ್ನುತ್ತಾರೆ. ಈ ಪ್ರಶ್ನೆಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ, ಅದೂ ತರಗತಿಗೆ ಮೊದಲ ಸ್ಥಾನದಲ್ಲಿರುವ ಮಕ್ಕಳ ಬಾಯಲ್ಲಿ. ಕೊಟ್ಟ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡುತ್ತಾರೆ. ಯಾರೂ ಕೆಲಸ ಕೊಡದಿದ್ದಾಗ ಏನನ್ನು ಶುರುಮಾಡಬೇಕೆಂದು ಅವರಿಗೆ ತೋಚುವುದಿಲ್ಲ.

ತಾನೇ ಒಂದು ಗುರಿ ಹಿಡಿದು, ಅದಕ್ಕೆ ದಾರಿ ಯೋಚಿಸಿ, ಎಡವಿದರೆ ದಾರಿ ಬದಲಿಸುವ ಈ ಶಕ್ತಿ ಪಾಠ ಹೇಳಿಕೊಟ್ಟು ಬರುವಂಥದ್ದಲ್ಲ, ಬಳಸಿ ಬಳಸಿ ಬರುವಂಥದ್ದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರೇಳು ವರ್ಷದ 70 ಮಕ್ಕಳ ದಿನಚರಿಯನ್ನು ತಂದೆತಾಯಿಯರಿಂದ ಕೇಳಿ ಬರೆದುಕೊಂಡರು. ದೊಡ್ಡವರು ಮೊದಲೇ ಗೊತ್ತುಮಾಡದ ಬಿಡುವಿನ ಹೊತ್ತು ಹೆಚ್ಚಿದ್ದ ಮಕ್ಕಳಲ್ಲಿ ತಮ್ಮಷ್ಟಕ್ಕೆ ತಾವೇ ಯೋಜಿಸಿಕೊಂಡು ನಡೆಯುವ ಸಾಮರ್ಥ್ಯ ಹೆಚ್ಚಾಗಿಯೂ, ಕ್ಲಾಸು ಕೋಚಿಂಗುಗಳ ಹೊತ್ತು ಹೆಚ್ಚಿದ್ದವರಲ್ಲಿ ಕಡಿಮೆಯಾಗಿಯೂ ಕಂಡಿತು. ಅದು ಸಣ್ಣ ಅಧ್ಯಯನ, ಯಾವುದು ಕಾರಣ ಯಾವುದು ಪರಿಣಾಮ ಎಂಬುದನ್ನು ಅದು ಸಾಬೀತುಮಾಡುವುದಿಲ್ಲ. ಆದರೆ ನನ್ನ ಕೋಣೆಯ ತಟ್ಟೆಯ ಮುಂದೆ ನಾನು ಕಾಣುತ್ತಿರುವುದಕ್ಕೆ ಅದು ಹೊಂದಿಬರುತ್ತದೆ.

ಈಗ ನಿಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಅವರು ಕೆಟ್ಟವರಲ್ಲ ಎಂದು ನೀವು ಬರೆದಿದ್ದೀರಿ; ನಾನು ಅದನ್ನು ಪೂರ್ತಿ ನಂಬುತ್ತೇನೆ. ಅವರ ತಲೆಮಾರಿನ ಎಷ್ಟೋ ತಂದೆಯರು ನನ್ನೆದುರು ಕೂತು ‘ನಮ್ಮಪ್ಪ ಹೊಡೆದು ಬೆಳೆಸಿದ್ದಕ್ಕೇ ಸಾರ್ ನಾನು ಇಲ್ಲಿಗೆ ಬಂದದ್ದು’ ಎಂದಿದ್ದಾರೆ. ಆಗ ನಾನು ಅವರನ್ನು ಒಂದೇ ಒಂದು ಸಂಗತಿ ಕೇಳುತ್ತೇನೆ: ಅಪ್ಪ ನಿಮ್ಮ ಕಣ್ಣೆದುರು ಇರುತ್ತಿದ್ದದ್ದು ದಿನಕ್ಕೆ ಎಷ್ಟು ಹೊತ್ತು? ಲೆಕ್ಕ ಹಾಕಿದರೆ ಅದು ಒಂದೆರಡು ಗಂಟೆ ದಾಟುವುದಿಲ್ಲ. ಬೆಳಗಾಗುತ್ತಲೇ ಅಪ್ಪ ಗದ್ದೆಗೆ, ಅವ್ವ ಕಳೆ ಕೀಳಲು. ಶಾಲೆಗೆ ಹೋಗಿ ಬರುವ ದಾರಿ, ದನ ಮೇಯಿಸುವ ಹೊತ್ತು, ಆಲೆಮನೆಯ ಮುಂದೆ ಬಿಸಿಬೆಲ್ಲಕ್ಕಾಗಿ ಕಾದು ನಿಂತ ಸಂಜೆ, ಕಬ್ಬಿನ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆದುಕೊಂಡ ಮಧ್ಯಾಹ್ನ, ಮರಕೋತಿ, ಬುಗುರಿ, ಚಿನ್ನಿದಾಂಡು, ಇವೆಲ್ಲ ಯಾರ ಕಣ್ಗಾವಲೂ ಇಲ್ಲದೆ ನಡೆಯುತ್ತಿದ್ದವು. ಆಟದಲ್ಲಿ ಜಗಳ ಬಂದರೆ ಮಕ್ಕಳೇ ನ್ಯಾಯ ತೀರಿಸಿಕೊಳ್ಳಬೇಕಿತ್ತು, ಬುಗುರಿಯ ಮೊಳೆ ಕಳಚಿದರೆ ತಾನೇ ಹೊಡೆದುಕೊಳ್ಳಬೇಕಿತ್ತು. ಆ ಮನೆಯ ಶಿಸ್ತು ಗಡಸಾಗಿತ್ತು, ನಿಜ. ಆದರೆ ಅದರ ತುಂಬ ಸಂದುಗಳಿದ್ದವು, ಮಗು ಆ ಸಂದುಗಳಲ್ಲಿ ಬೆಳೆಯುತ್ತಿತ್ತು. ನಿಮ್ಮ ಯಜಮಾನರು ತಮ್ಮ ಗಟ್ಟಿತನಕ್ಕೆ ಕಾರಣ ಅಪ್ಪನ ಪೆಟ್ಟು ಎಂದುಕೊಂಡಿದ್ದಾರೆ. ಯಾರೂ ನೋಡದ ಆ ಏಳೆಂಟು ಗಂಟೆಗಳು ಅವರ ಲೆಕ್ಕಕ್ಕೆ ಬಂದಿಲ್ಲ. ಹಾಗಾಗಿ ತಮಗೆ ಸಿಕ್ಕಿದ್ದರಲ್ಲಿ ಅರ್ಧವನ್ನು ಮಾತ್ರ ಮಗನಿಗೆ ದಾಟಿಸುತ್ತಿದ್ದಾರೆ. ಫ್ರಿಜ್ಜಿನ ಮೇಲಿನ ಟೈಮ್‌ಟೇಬಲ್ ಅವರ ತಂದೆಯ ಬೆತ್ತಕ್ಕಿಂತ ಮೆದುವಾಗಿರಬಹುದು, ಆದರೆ ಅದರಲ್ಲಿ ಒಂದು ಸಂದೂ ಇಲ್ಲ.

ಹಾಗೆಂದು ಮಗನನ್ನು ವಿಶ್ವೇಶ್ವರಯ್ಯ ನಾಲೆಯ ಏರಿಗೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆ ನೀರಿನ ಸೆಳೆತ ಎಂಥದ್ದೆಂದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ, ಊರಿನ ರಸ್ತೆಗಳೂ ಅಂದಿನಂತಿಲ್ಲ. ಕಟ್ಟುನಿಟ್ಟನ್ನೆಲ್ಲ ಬಿಡಬೇಕೆಂಬುದೂ ನನ್ನ ಮಾತಲ್ಲ. ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದ ಮನೋವಿಜ್ಞಾನಿ ಬ್ರಯನ್ ಬಾರ್ಬರ್ 1996ರಲ್ಲಿ ತಂದೆತಾಯಿಯರ ಹಿಡಿತವನ್ನು ಎರಡಾಗಿ ಬೇರ್ಪಡಿಸಿ ನೋಡಬೇಕೆಂದು ವಾದಿಸಿದರು. ಮೊದಲನೆಯದು ನಡವಳಿಕೆಯ ಮೇಲಿನ ಹಿಡಿತ: ಎಷ್ಟು ಹೊತ್ತಿಗೆ ಮಲಗಬೇಕು, ಮೊಬೈಲ್ ಎಷ್ಟು ಹೊತ್ತು, ಹೋಮ್‌ವರ್ಕ್ ಮುಗಿಸಿದೆಯೋ, ಯಾರ ಜೊತೆ ಎಲ್ಲಿಗೆ ಹೋದೆ ಎಂಬಂಥವು. ಎರಡನೆಯದು ಮನಸ್ಸಿನ ಮೇಲಿನ ಹಿಡಿತ: ಮಗು ಏನು ಯೋಚಿಸಬೇಕು, ಯಾವುದು ಅದಕ್ಕೆ ಇಷ್ಟವಾಗಬೇಕು ಎಂಬುದನ್ನೂ ತಾವೇ ನಿರ್ಧರಿಸುವುದು, ಒಪ್ಪದಿದ್ದರೆ ನಾಚಿಕೆಪಡಿಸುವುದು, ಮಾತು ಬಿಟ್ಟು ದಂಡಿಸುವುದು. ಮೊದಲನೆಯದು ಹದವಾಗಿದ್ದರೆ ಮಗುವಿಗೆ ಆಸರೆಯಾಗುತ್ತದೆ. ಅದು ತೀರಾ ಇಲ್ಲದ ಮನೆಗಳ ಮಕ್ಕಳು ದಾರಿ ತಪ್ಪುವುದೂ ಉಂಟು. ಎರಡನೆಯದು ಹೆಚ್ಚಿರುವ ಮನೆಗಳಲ್ಲಿ ಮಕ್ಕಳಿಗೆ ಆತಂಕ, ಖಿನ್ನತೆ, ತನ್ನ ಮೇಲೆ ತನಗೇ ಅಪನಂಬಿಕೆ ಬರುವುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ.

ಈ ಗೆರೆಯನ್ನು ಇಟ್ಟುಕೊಂಡು ನಿಮ್ಮ ಮನೆಯನ್ನೇ ನೋಡಿ. ‘ಲೆಕ್ಕದ ಪುಸ್ತಕದಲ್ಲಿ ಚಿತ್ರ ಬರೀಬೇಡ, ಅದಕ್ಕೆ ಬೇರೆ ಪುಸ್ತಕ ಇಟ್ಕೋ’ ಎಂದಿದ್ದರೆ ಅದು ನಡವಳಿಕೆಯ ನಿಯಮ, ಯಾವ ತಂದೆಯೂ ಹೇಳಬಹುದಾದದ್ದು. ಗುಬ್ಬಚ್ಚಿಪುರದ ನಕ್ಷೆಯನ್ನು ಹರಿದದ್ದು ಆ ಗೆರೆಯ ಆಚೆಗಿನ ಕೆಲಸ. ಗೊಂಬೆಯ ಪಾರ್ಕಿನದೂ ಹಾಗೆಯೇ. ನಮ್ಮ ಮೈಸೂರು ಸೀಮೆಯ ನವರಾತ್ರಿಯಲ್ಲಿ ಮೇಲಿನ ಮೆಟ್ಟಿಲು ದೊಡ್ಡವರದು: ಕಲಶ, ಪಟ್ಟದ ರಾಜ ರಾಣಿ, ದಶಾವತಾರ ಎಲ್ಲಕ್ಕೂ ಕ್ರಮವಿದೆ. ಕೆಳಗೆ ನೆಲದ ಮೇಲಿನ ಪಾರ್ಕ್ ಮಾತ್ರ ಹಿಂದಿನಿಂದಲೂ ಮಕ್ಕಳ ಪಾಲಿಗೆ ಬಿಟ್ಟದ್ದು. ಅಲ್ಲಿ ರಾಗಿ ಪೈರಿನ ಹುಲ್ಲುಗಾವಲಿನ ನಡುವೆ ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ, ಹುಲಿಯ ಪಕ್ಕದಲ್ಲೇ ಬಸ್ಸು ನಿಲ್ಲುತ್ತದೆ, ಆನೆಗಿಂತ ಕೋಳಿ ದೊಡ್ಡದಾಗಿರುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಕ್ರಮ ಮೇಲೆ, ಕಲ್ಪನೆ ಕೆಳಗೆ, ಎರಡಕ್ಕೂ ಒಂದೇ ಕೋಣೆಯಲ್ಲಿ ಜಾಗ ಮಾಡಿಕೊಟ್ಟ ನಮ್ಮ ಹಿರಿಯರ ಈ ಏರ್ಪಾಡನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ರಾಜ ರಾಣಿಯರಿಗೆ ಅರಮನೆಯ ಬಾಗಿಲಲ್ಲೇ ರೈಲು ಸಿಗಲಿ ಎಂದು ನಿಮ್ಮ ಮಗ ಯೋಚಿಸಿದ್ದನೋ ಏನೋ. ಕೇಳಿದ್ದರೆ ಹೇಳುತ್ತಿದ್ದ.

ಇನ್ನು ಕಲ್ಪನೆಗೂ ಸುಳ್ಳಿಗೂ ಸಂಬಂಧ ಉಂಟೇ ಎಂಬ ಮಾತು. ಸುಳ್ಳು ಹೇಳುವವನು ಎದುರಿನವರು ನಂಬಲಿ ಎಂದು ಬಯಸುತ್ತಾನೆ. ಗುಬ್ಬಚ್ಚಿಪುರ ನಿಜವಾದ ಊರೆಂದು ನಿಮ್ಮ ಮಗ ಯಾರನ್ನೂ ನಂಬಿಸಲು ಹೊರಟಿರಲಿಲ್ಲ. ಅದು ಇಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು, ಗೊತ್ತಿರುವುದರಿಂದಲೇ ಅದರಲ್ಲಿ ಸುಖ. ಮನೆಯಾಟ ಅಡುಗೆಯಾಟಗಳಲ್ಲಿ ತೊಡಗುವ ಮೂರು ನಾಲ್ಕು ವರ್ಷದ ಮಕ್ಕಳೂ ಮರಳಿನ ಅನ್ನವನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಎಂಟರಿಂದ ಹನ್ನೆರಡು ವರ್ಷದೊಳಗಿನ ಕೆಲವು ಮಕ್ಕಳು ಇಡೀ ಊರನ್ನೇ, ದೇಶವನ್ನೇ, ಅದರ ನಕ್ಷೆ, ಕಾನೂನು, ಭಾಷೆಗಳ ಸಮೇತ ಕಟ್ಟಿಕೊಳ್ಳುವುದನ್ನು ಮಕ್ಕಳ ಮನಸ್ಸನ್ನು ಓದುವವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದು ರೋಗದ ಲಕ್ಷಣವಲ್ಲ. ನಕ್ಷೆ ಬರೆಯುವಾಗ ಅವನು ಅಳತೆ, ದಿಕ್ಕು, ಕೆರೆಯ ನೀರು ಯಾವ ಕಡೆಗೆ ಹರಿಯಬೇಕು ಎಂಬುದನ್ನೆಲ್ಲ ಯೋಚಿಸಿರುತ್ತಾನೆ. ಆಟದಲ್ಲಿರುವ ಮಗು ತನ್ನ ವಯಸ್ಸಿಗಿಂತ ಒಂದು ತಲೆ ಎತ್ತರವಾಗಿ ನಡೆದುಕೊಳ್ಳುತ್ತದೆ ಎಂಬುದು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿಯವರ ಪ್ರಸಿದ್ಧ ವಿಚಾರ. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಬಾಳಿದ ಆರ್. ಕೆ. ನಾರಾಯಣ್ ಯಾವ ಭೂಪಟದಲ್ಲೂ ಇಲ್ಲದ ಮಾಲ್ಗುಡಿ ಎಂಬ ಊರನ್ನು ಕಟ್ಟಿ, 1935ರ ಮೊದಲ ಕಾದಂಬರಿಯಿಂದ ಶುರುಮಾಡಿ ತಮ್ಮ ಬಹುಪಾಲು ಕಾದಂಬರಿಗಳನ್ನು ಅದರಲ್ಲೇ ನಡೆಸಿದರು. ಅವರ ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಮಗ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಓದಿಕೊಂಡು, ಬರೆದುಕೊಂಡು ಕಳೆದಿದ್ದರು. ನಿಮ್ಮ ಮಗನೂ ಸಾಹಿತಿಯಾಗುತ್ತಾನೆ ಎಂದು ನಾನು ಹೇಳುತ್ತಿಲ್ಲ. ಆಗಬೇಕಾಗಿಯೂ ಇಲ್ಲ. ಇಂಜಿನಿಯರ್ ಆಗುವವನಿಗೂ ಇಲ್ಲದ ಸೇತುವೆಯನ್ನು ಮನಸ್ಸಿನಲ್ಲಿ ಕಾಣುವ ಶಕ್ತಿ ಬೇಕು.

ಮಾರ್ಕ್ಸ್ ಬಗ್ಗೆ ಅವನು ಹೇಳಿದ ಸುಳ್ಳು ಬೇರೆಯೇ ಬೇರಿನದು, ಅದರ ಹೆಸರು ಹೆದರಿಕೆ. ಕೆನಡಾದ ಇಬ್ಬರು ಸಂಶೋಧಕರು ಪಶ್ಚಿಮ ಆಫ್ರಿಕದ ಎರಡು ಶಾಲೆಗಳ ಮೂರು ನಾಲ್ಕು ವರ್ಷದ ಮಕ್ಕಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಶಾಲೆಯಲ್ಲಿ ಸಣ್ಣ ತಪ್ಪಿಗೂ ಕಠಿಣ ಶಿಕ್ಷೆ, ಇನ್ನೊಂದರಲ್ಲಿ ಬುದ್ಧಿಮಾತು. ಹಿಂದೆ ಇಟ್ಟ ಆಟಿಕೆಯನ್ನು ತಿರುಗಿ ನೋಡಬೇಡ ಎಂದು ಹೇಳಿ ಹೊರಗೆ ಹೋದಾಗ ಎರಡೂ ಶಾಲೆಗಳ ಮಕ್ಕಳು ಇಣುಕಿ ನೋಡಿದರು. ಆದರೆ ಶಿಕ್ಷೆಯ ಶಾಲೆಯ ಮಕ್ಕಳೇ ಹೆಚ್ಚಾಗಿ ಸುಳ್ಳು ಹೇಳಿದರು, ಹೇಳಿದ ಸುಳ್ಳನ್ನು ಹೆಚ್ಚು ಜಾಣತನದಿಂದ ಉಳಿಸಿಕೊಂಡರು. ನಿಮ್ಮ ಯಜಮಾನರಿಗೆ ಸುಳ್ಳು ಸಹಿಸದು ಎಂದಾದರೆ, ಕಡಿಮೆ ಮಾರ್ಕ್ಸ್ ಬಂದ ದಿನ ಮಗ ನಿಜ ಹೇಳಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನೇ ಮೊದಲು ಬದಲಿಸಬೇಕು.

ಈಗ ಮಾಡಬೇಕಾದ ಕೆಲಸ. ಮೊದಲಿಗೆ ನಿದ್ರೆ: ಒಂಬತ್ತೂವರೆಗೆ ಮಲಗಿ ಐದೂವರೆಗೆ ಎದ್ದರೆ ಎಂಟೇ ಗಂಟೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ಯಜಮಾನರ ಜೊತೆ ಮಾತು ಶುರುಮಾಡಲು ಇದು ಒಳ್ಳೆಯ ಎಳೆ, ಏಕೆಂದರೆ ಇಲ್ಲಿ ಯಾರ ಮರ್ಯಾದೆಯ ಪ್ರಶ್ನೆಯೂ ಇಲ್ಲ, ಗಡಿಯಾರದ ಲೆಕ್ಕ ಅಷ್ಟೆ. ಮಾತು ಮಗನ ಎದುರಿಗೆ ಬೇಡ, ಅತ್ತೆಯವರ ಎದುರಿಗೂ ಬೇಡ. ಊಟವಾಗಿ ಮಗ ಮಲಗಿದ ಮೇಲೆ, ‘ನೀವು ಚಿಕ್ಕವರಿದ್ದಾಗ ಶಾಲೆ ಬಿಟ್ಟ ಮೇಲೆ ಏನು ಮಾಡ್ತಿದ್ರಿ?’ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ತಪ್ಪು ತೋರಿಸುವ ಅವಸರ ಬೇಡ. ಅವರು ಗದ್ದೆಬಯಲಿನ ಕಥೆ ಹೇಳಿ ನಕ್ಕ ಮೇಲೆ, ಅಂಥದ್ದು ನಮ್ಮ ಮಗನಿಗೆ ಯಾವ ಹೊತ್ತಿನಲ್ಲಿ ಸಿಗುತ್ತದೆ ಎಂದು ಕೇಳಬಹುದು.

ಅಬ್ಯಾಕಸ್, ಕೈಬರಹ ಎರಡರಲ್ಲಿ ಒಂದನ್ನು ಬಿಡಿಸಿ, ಯಾವುದೆಂದು ಮಗನೇ ಹೇಳಲಿ. ಹಾಗೆ ಉಳಿದ ಒಂದು ಗಂಟೆ ಅವನದು. ಆ ಗಂಟೆಯಲ್ಲಿ ಟಿವಿ, ಮೊಬೈಲ್ ಇಲ್ಲ, ರಸ್ತೆಗೆ ಹೋಗುವಂತಿಲ್ಲ ಎಂಬ ನಿಯಮಗಳನ್ನು ತಂದೆಯೇ ಹಾಕಲಿ. ಅದರಾಚೆಗೆ ಏನು ಮಾಡಿದೆ, ಏನು ಕಲಿತೆ ಎಂದು ಯಾರೂ ಕೇಳಬಾರದು. ಮೊದಲ ಒಂದೆರಡು ವಾರ ಅವನು ಸುಮ್ಮನೆ ಓಡಾಡುತ್ತಾನೆ, ‘ಬೋರಾಗ್ತಿದೆ’ ಎನ್ನುತ್ತಾನೆ, ನಿಮ್ಮ ಸೆರಗು ಹಿಡಿದು ‘ಏನ್ ಮಾಡ್ಲಿ’ ಎನ್ನುತ್ತಾನೆ. ಆಗ ಗಾಬರಿಯಾಗಿ ಇನ್ನೊಂದು ಕ್ಲಾಸಿಗೆ ಸೇರಿಸಬೇಡಿ. ನೀರಿಗೆ ಕೇಳಿದಾಗಲೂ ‘ಹೋಗು, ಕುಡಿ’ ಎಂದರೆ ಅದು ಅಪ್ಪಣೆಯೇ ಆಗುತ್ತದೆ. ‘ಅದನ್ನ ನೀನೇ ನೋಡ್ಕೊ ಮಗ’ ಎನ್ನಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮಗನಿಗೆ ನಕ್ಷೆ, ಚಿತ್ರ ಇಷ್ಟವೆಂದು ಗೊತ್ತಾದ ಕೂಡಲೇ ಒಳ್ಳೆಯ ಮನಸ್ಸಿನಿಂದಲೇ ಡ್ರಾಯಿಂಗ್ ಕ್ಲಾಸು, ಸ್ಪರ್ಧೆ, ಬಹುಮಾನ ಎಂದು ಹೊರಡುವ ತಂದೆತಾಯಿಯರಿದ್ದಾರೆ. 1973ರಲ್ಲಿ ಅಮೆರಿಕದ ಒಂದು ಶಿಶುವಿಹಾರದಲ್ಲಿ ನಡೆದ ಪ್ರಯೋಗದಲ್ಲಿ, ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದ ಮಕ್ಕಳು, ಒಂದೆರಡು ವಾರದ ನಂತರ ಬಿಡುವಿನ ಹೊತ್ತಿನಲ್ಲಿ ತಾವಾಗಿ ಚಿತ್ರ ಬರೆಯುವುದನ್ನು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿಸಿಬಿಟ್ಟಿದ್ದರು. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಶಿಬಿರಕ್ಕೆ ಕಳಿಸಿದರೆ ಸಂತೋಷವೇ, ಅಲ್ಲಿ ಮಕ್ಕಳು ಅರಳುವುದನ್ನು ನಾನು ಕಂಡಿದ್ದೇನೆ. ಆದರೆ ಅದು ದಿನದ ಆ ಒಂದು ಗಂಟೆಗೆ ಬದಲಿಯಾಗಲಾರದು.

ಹರಿದ ಹಾಳೆಗಳ ಮಾತು ಉಳಿಯಿತು. ಅದನ್ನು ತಂದೆಯೇ ಸರಿಪಡಿಸಬೇಕು. ಗೆರೆಯಿಲ್ಲದ ಒಂದು ದಪ್ಪ ಪುಸ್ತಕ ತಂದು ಮಗನ ಕೈಗೆ ಕೊಟ್ಟು, ‘ಅವತ್ತು ನಿನ್ನ ಹಾಳೆ ಹರಿದದ್ದು ನನ್ನ ತಪ್ಪು’ ಎಂಬ ಒಂದು ವಾಕ್ಯ ಹೇಳಿದರೆ ಸಾಕು, ಅದಕ್ಕೆ ‘ಆದರೆ ನೀನೂ…’ ಎಂದು ಬಾಲ ಸೇರಿಸಬಾರದು. ಮಗನ ಮುಂದೆ ತಪ್ಪೊಪ್ಪಿಕೊಂಡರೆ ತಂದೆಯ ತೂಕ ಇಳಿಯುತ್ತದೆಂದು ಅನೇಕರು ಹೆದರುತ್ತಾರೆ. ನನ್ನ ಅನುಭವದಲ್ಲಿ ಹಾಗೆ ಎಂದೂ ಆಗಿಲ್ಲ. ಆ ಪುಸ್ತಕವನ್ನು ನೀವಿಬ್ಬರೂ ತೆರೆದು ನೋಡಬಾರದು. ಅವನಾಗಿ ತೋರಿಸಿದರೆ ಹೊಗಳುವ ಬದಲು ಒಂದು ಪ್ರಶ್ನೆ ಕೇಳಿ: ಈ ಊರಿನ ಬಸ್ ಸ್ಟ್ಯಾಂಡ್ ಎಲ್ಲಿ, ಈ ದಾರಿ ಎಲ್ಲಿಗೆ ಹೋಗುತ್ತದೆ ಎಂಬಂಥದ್ದು.

ಯಜಮಾನರು ಸರ್ಕಾರಿ ನೌಕರರಾದ್ದರಿಂದ ಇದೂ ಅವರಿಗೆ ತಿಳಿದಿರಲಿ: ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿರಾಮವನ್ನೂ ಆಟವನ್ನೂ ಮಗುವಿನ ಹಕ್ಕೆಂದು ಹೇಳುತ್ತದೆ, ಭಾರತ 1992ರಲ್ಲಿ ಅದನ್ನು ಒಪ್ಪಿದೆ.

ಉಗುರು ಕಚ್ಚುವುದೊಂದೇ ಆದರೆ ಅದಕ್ಕಾಗಿ ಬೈಯಬೇಡಿ, ಬೇವಿನೆಣ್ಣೆ ಹಚ್ಚಬೇಡಿ. ಒತ್ತಡ ಇಳಿದಂತೆ ಅದೂ ಇಳಿಯುವ ಸಾಧ್ಯತೆ ಹೆಚ್ಚು. ಆದರೆ ರಾತ್ರಿ ಬೆಚ್ಚಿ ಏಳುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಊಟ ಬಿಡುವುದು, ಶಾಲೆಯ ದಿನ ಬೆಳಿಗ್ಗೆ ಹೊಟ್ಟೆನೋವು, ತನ್ನನ್ನು ತಾನೇ ಗಾಯಮಾಡಿಕೊಳ್ಳುವುದು, ‘ನಾನಿರಬಾರದಿತ್ತು’ ಎಂಬಂಥ ಮಾತು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ನಡೆಯುತ್ತಿದೆಯೇ ಎಂಬುದನ್ನು ನೀವು ಬರೆದಿಲ್ಲ. ನಡೆಯುತ್ತಿದ್ದರೆ ಅದು ಇಂದೇ ನಿಲ್ಲಬೇಕು. ಅದಕ್ಕೆ ಯಾವ ಗಾದೆಯ ಆಸರೆಯೂ ಇಲ್ಲ.

ಬರುವ ನವರಾತ್ರಿಗೆ ಪಾರ್ಕ್ ಅವನದೇ ಇರಲಿ. ರಾಗಿ ಪೈರು ಹಬ್ಬದ ದಿನಕ್ಕೆ ಹಸಿರಾಗಿ ನಿಲ್ಲಬೇಕಾದರೆ ವಾರ, ಹತ್ತು ದಿನ ಮುಂಚೆ ತಟ್ಟೆಗೆ ಮಣ್ಣು ಹಾಕಿ ಬಿತ್ತಬೇಕು, ದಿನವೂ ನೀರು ಚಿಮುಕಿಸಬೇಕು. ಒಂದು ಹಿಡಿ ರಾಗಿಯನ್ನು ಅವನ ಕೈಗೆ ಕೊಟ್ಟು, ಹಬ್ಬ ಯಾವ ದಿನ ಎಂಬುದನ್ನು ಮಾತ್ರ ಹೇಳಿ. ಬಿತ್ತುವ ದಿನ ಯಾವುದೆಂದು ಅವನೇ ಎಣಿಸಿಕೊಳ್ಳಲಿ. ತಡವಾಗಿ ಬಿತ್ತಿ ಪೈರು ಮೋಟಾಗಿ ಬಂದರೆ ಹಾಗೇ ಇಡಿ. ಆರತಿಗೆ ಬಂದವರು ಸ್ಟೇಷನ್ ಯಾಕೆ ಅಲ್ಲಿದೆ ಎಂದು ಕೇಳಿದರೆ, ಉತ್ತರ ಹೇಳಲು ಅವನನ್ನೇ ಕರೆಯಿರಿ.